ಮಳೆಯಿಲ್ಲದೆ ಏರಿದ ಹೊಳೆ: 2014ರ ಬಿಯಾಸ್ ದುರಂತದ ಪ್ರಕರಣ ಅಧ್ಯಯನ

2014ರ ಜೂನ್ 8, ಭಾನುವಾರ. ಹೈದರಾಬಾದಿನ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಹಿಮಾಚಲ ಪ್ರದೇಶದ ಪ್ರವಾಸದಲ್ಲಿದ್ದರು. ಮನಾಲಿ ಕಡೆ ಹೊರಟಿದ್ದ ಅವರು ಸಂಜೆ ಹೊತ್ತಿಗೆ ಮಂಡಿ ಜಿಲ್ಲೆಯ ಥಲೋಟ್ ಹತ್ತಿರ ಇಳಿದರು. ಹೆದ್ದಾರಿಯ ಪಕ್ಕದಲ್ಲೇ ಬಿಯಾಸ್ ನದಿ. ಪಾತ್ರದಲ್ಲಿ ನೀರು ಕಮ್ಮಿ, ನಡುವೆ ದೊಡ್ಡ ದೊಡ್ಡ ಬಂಡೆ. ಫೋಟೊ ತೆಗೆಯಲು ಹಲವರು ಬಂಡೆಗಳ ಮೇಲೆ ಹೋದರು. ಏಳು ಗಂಟೆಗೆ ಸ್ವಲ್ಪ ಮುಂಚೆ ನದಿ ಏರತೊಡಗಿತು. ಕೆಲವರು ದಡ ಸೇರಿದರು. 24 ವಿದ್ಯಾರ್ಥಿಗಳು ಮತ್ತು ಪ್ರವಾಸ ಸಂಸ್ಥೆಯ ಕಡೆಯಿಂದ ಬಂದಿದ್ದ ಒಬ್ಬರು ಕೊಚ್ಚಿಹೋದರು. ಆ 25 ಮಂದಿಯಲ್ಲಿ ಯಾರೂ ಬದುಕುಳಿಯಲಿಲ್ಲ.

ದಡದಿಂದ ಮೊಬೈಲಿನಲ್ಲಿ ತೆಗೆದ ವಿಡಿಯೊ ಆಮೇಲೆ ದೇಶದ ತುಂಬ ಓಡಾಡಿತು. ನೋಡಿದ ಬಹಳ ಜನರ ಬಾಯಲ್ಲಿ ಬಂದದ್ದು ಒಂದೇ ಮಾತು: "ಹುಡುಗರು ನದಿಗೆ ಯಾಕೆ ಇಳೀಬೇಕಿತ್ತು?" ಹೀಗೆ ಕೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅವರು ಇಳಿದಾಗ ಅಲ್ಲಿ ಹೆದರುವಷ್ಟು ನೀರೇ ಇರಲಿಲ್ಲ. ನಾವಿದ್ದರೂ ಇಳಿಯುತ್ತಿದ್ದೆವು. ಹಾಗಾಗಿ ಈ ಪ್ರಕರಣದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಹಿಮ ಕರಗುವ ಕಾಲದಲ್ಲಿ, ತುಂಬಿ ಹರಿಯಬೇಕಿದ್ದ ನದಿಯಲ್ಲಿ, ಆ ಜಾಗದಲ್ಲಿ ಮಾತ್ರ ನೀರು ಅಷ್ಟು ಕಮ್ಮಿ ಇದ್ದದ್ದು ಯಾಕೆ?

ನದಿ ಹರಿಯುತ್ತಿದ್ದ ಇನ್ನೊಂದು ದಾರಿ

ಮಂಡಿಯಿಂದ ಮನಾಲಿಗೆ ಹೋಗುವಾಗ ಔಟ್ ಎಂಬಲ್ಲಿ ಉದ್ದದ ರಸ್ತೆ ಸುರಂಗ ಬರುತ್ತದೆ. ಅದರ ಬಾಯಿಯ ಹತ್ತಿರವೇ ಲಾರ್ಜಿ ಅಣೆಕಟ್ಟು. ಸೈಂಜ್ ಮತ್ತು ತೀರ್ಥನ್ ನದಿಗಳು ಬಿಯಾಸನ್ನು ಸೇರುವ ಜಾಗ ಅದು. 126 ಮೆಗಾವಾಟ್‌ನ ಜಲವಿದ್ಯುತ್ ಯೋಜನೆ ಅಲ್ಲಿದೆ. ಇದು ತಿಂಗಳುಗಟ್ಟಲೆ ನೀರು ಕೂಡಿಡುವ ದೊಡ್ಡ ಜಲಾಶಯ ಅಲ್ಲ. ಹರಿದು ಬರುವ ನೀರನ್ನು ಸ್ವಲ್ಪ ಹೊತ್ತು ತಡೆದು, ಬೆಟ್ಟದೊಳಗಿನ ಸುರಂಗದಲ್ಲಿ ಹಾಯಿಸಿ, ಕೆಳಗೆ ಥಲೋಟ್‌ನಲ್ಲಿರುವ ಟರ್ಬೈನ್‌ಗಳ ಮೇಲೆ ಬಿಡುತ್ತಾರೆ.

ಇದರ ಪರಿಣಾಮ ಏನು? ಗೇಟ್ ಮುಚ್ಚಿದ್ದಾಗ ನದಿಯ ಬಹುಪಾಲು ನೀರು ಬೆಟ್ಟದ ಹೊಟ್ಟೆಯೊಳಗೆ ಹರಿಯುತ್ತಿರುತ್ತದೆ. ಅಣೆಕಟ್ಟಿನ ಕೆಳಗಿನ ಪಾತ್ರದಲ್ಲಿ ಬಂಡೆ, ಮರಳು, ಸಣ್ಣ ತೊರೆಯಷ್ಟು ನೀರು. ನೋಡಿದವರಿಗೆ ಇದು ಬೇಸಿಗೆಯಲ್ಲಿ ಬತ್ತಿದ ಹೊಳೆ ಅನ್ನಿಸುತ್ತದೆ. ನಿಜಕ್ಕೂ ಅದು ಬತ್ತಿದ ಹೊಳೆಯಲ್ಲ, ತಡೆದು ನಿಲ್ಲಿಸಿದ ಹೊಳೆ. ಗೇಟ್ ಎತ್ತಿದ ಕೂಡಲೇ ತನ್ನ ಜಾಗಕ್ಕೆ ವಾಪಸ್ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಮಂಡಿ ಕಡೆಯಿಂದ ಬರುವವರಿಗೆ ಮೊದಲು ಸಿಗುವುದು ಥಲೋಟ್. ಅಣೆಕಟ್ಟು ಆಮೇಲೆ. ಅಂದರೆ ಅಲ್ಲಿ ಬಸ್ ನಿಲ್ಲಿಸಿದ ಹೊಸಬರ ಕಣ್ಣಿಗೆ ಅಣೆಕಟ್ಟು ಇನ್ನೂ ಬಿದ್ದಿರುವುದಿಲ್ಲ. ತಿರುವಿನಾಚೆ ಏನಿದೆ ಅಂತ ಊಹಿಸಲು ಅವರಿಗೆ ಯಾವ ಸುಳಿವೂ ಇಲ್ಲ. ಅಲ್ಲಿನವರಿಗೆ ಮಾತ್ರ ಗೊತ್ತು.

ಬಿಸಿಲು ಜಾಸ್ತಿಯಾದರೆ ನೀರೂ ಜಾಸ್ತಿ

ನಮ್ಮ ಕಡೆಯವರಿಗೆ ಹೊಳೆಯ ಬಗ್ಗೆ ಒಂದು ಲೆಕ್ಕ ರಕ್ತದಲ್ಲೇ ಇದೆ: ಮಳೆ ಬಂದರೆ ಹೊಳೆ ಏರುತ್ತದೆ, ಬಿಸಿಲು ಕಾದರೆ ಇಳಿಯುತ್ತದೆ. ಆಕಾಶ ತಿಳಿಯಾಗಿದ್ದರೆ ಹೆದರಿಕೆ ಇಲ್ಲ. ಹಿಮಾಲಯದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಈ ಲೆಕ್ಕ ತಲೆಕೆಳಗು. ಚಳಿಗಾಲದಲ್ಲಿ ಬಿದ್ದ ಹಿಮ ವಸಂತದಲ್ಲಿ ಕರಗಲು ಶುರುವಾಗುತ್ತದೆ. ಬಿಸಿಲು ಹೆಚ್ಚಿದಷ್ಟೂ ಕರಗುವುದು ಹೆಚ್ಚು. ಮೋಡವೇ ಇಲ್ಲದ, ಪ್ರವಾಸಿಗರು ಖುಷಿಪಡುವ ದಿನದಲ್ಲೇ ನದಿಗೆ ಜಾಸ್ತಿ ನೀರು ಬರುತ್ತದೆ. ಬಿಯಾಸ್ ಹುಟ್ಟುವುದು 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿಯ ಸುತ್ತಮುತ್ತ. ದಾರಿಯಲ್ಲಿ ಪಾರ್ವತಿಯಂಥ ಹಿಮದ ನೀರಿನ ನದಿಗಳು ಕೂಡಿಕೊಳ್ಳುತ್ತವೆ. ಇಲ್ಲಿ ಶಾಲೆಗೆ ರಜೆ ಸಿಗುವ ತಿಂಗಳುಗಳೇ ಅಲ್ಲಿ ಹಿಮ ಕರಗುವ ತಿಂಗಳುಗಳು.

2014ರ ಜೂನ್ ಮೊದಲ ವಾರ ಉತ್ತರ ಭಾರತದಲ್ಲಿ ಬಿಸಿಗಾಳಿ ಬೀಸುತ್ತಿತ್ತು. ದುರಂತ ನಡೆದ ಅದೇ ದಿನ ದೆಹಲಿಯ ಪಾಲಂನಲ್ಲಿ 47.8 ಡಿಗ್ರಿ ದಾಖಲಾಯಿತು. ಬೆಟ್ಟದ ಮೇಲೆ ಅಷ್ಟು ಸೆಕೆ ಇರುವುದಿಲ್ಲ ಅನ್ನೋದು ನಿಜ. ಆದರೆ ಇಂಥ ದಿನಗಳು ಹಿಮವನ್ನು ಬಿಡುವುದಿಲ್ಲ.

ದಿನದೊಳಗೂ ಏರಿಳಿತ ಇದೆ. ರಾತ್ರಿ ಹಿಮ ಗಟ್ಟಿಯಾಗುತ್ತದೆ, ಬೆಳಗಿನ ಜಾವ ತೊರೆ ಸಣ್ಣದಾಗಿರುತ್ತದೆ. ಮಧ್ಯಾಹ್ನ ಕರಗುವಿಕೆ ಜೋರಾಗುತ್ತದೆ. ಹಿಮದ ಬುಡದಲ್ಲಿರುವ ತೊರೆ ಮೂರು ನಾಲ್ಕು ಗಂಟೆಗೆ ಉಬ್ಬುತ್ತದೆ. ಆ ನೀರು ಕೆಳಗಿನ ಊರಿಗೆ ಬರುವ ಹೊತ್ತಿಗೆ ಸಂಜೆಯಾಗಿರಬಹುದು, ರಾತ್ರಿಯೂ ಆಗಿರಬಹುದು. ಲೇಹ್ ಮತ್ತು ಸ್ಪಿತಿ ದಾರಿಯ ಚಾಲಕರು ರಸ್ತೆಗೆ ಅಡ್ಡ ಹರಿಯುವ ನಾಲಾಗಳನ್ನು ಬೆಳಿಗ್ಗೆಯೇ ದಾಟಲು ಅವಸರ ಮಾಡುವುದು ಇದಕ್ಕೇ. ಬೆಳಿಗ್ಗೆ ಪಾದ ಮುಳುಗುವಷ್ಟು ನೀರಿದ್ದ ಕಡೆ ಮಧ್ಯಾಹ್ನ ಜೀಪು ಸಿಕ್ಕಿಕೊಳ್ಳುತ್ತದೆ. ಚಾರಣಿಗರು ಬೆಳಿಗ್ಗೆ ಸುಲಭವಾಗಿ ದಾಟಿ, ಸಂಜೆ ವಾಪಸ್ ಬರಲಾಗದೆ ಆಚೆ ದಡದಲ್ಲಿ ಉಳಿಯುವುದೂ ಇದೇ ಕಾರಣಕ್ಕೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಥಲೋಟ್‌ನಲ್ಲಿ ಜನರನ್ನು ಕೊಚ್ಚಿಕೊಂಡು ಹೋದದ್ದು ನೇರವಾಗಿ ಹಿಮ ಕರಗಿದ ಪ್ರವಾಹ ಅಲ್ಲ. ಅಣೆಕಟ್ಟಿನ ಗೇಟ್ ತೆರೆದು ಬಿಟ್ಟ ನೀರು. ಆದರೆ ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಪ್ರಕರಣ ಅರ್ಥವಾಗುವುದಿಲ್ಲ. ಹಿಮ ಕರಗುವ ಕಾಲದಲ್ಲಿ ಮೇಲಿನಿಂದ ನೀರು ಬರುತ್ತಲೇ ಇರುತ್ತದೆ. ಲಾರ್ಜಿಯಂಥ ಸಣ್ಣ ಅಣೆಕಟ್ಟಿಗೆ ಅದನ್ನು ಬಹಳ ಹೊತ್ತು ಹಿಡಿದಿಡುವ ಜಾಗ ಇಲ್ಲ. ಟರ್ಬೈನ್ ಓಡುತ್ತಿದ್ದರೆ ನೀರು ಸುರಂಗದಲ್ಲಿ ಹೋಗುತ್ತದೆ. ಓಡದಿದ್ದರೆ ಗೇಟೇ ಗತಿ. ಅಂದು ಆದದ್ದೂ ಇದೇ. ವಿದ್ಯುತ್ ಉತ್ಪಾದನೆ ಇಳಿಸಬೇಕು ಎಂಬ ಸೂಚನೆ ಬಂದಿತ್ತು, ಸುರಂಗಕ್ಕೆ ಹೋಗಬೇಕಿದ್ದ ನೀರನ್ನು ನದಿಗೆ ಬಿಡಲಾಯಿತು ಎಂಬುದು ತನಿಖೆಯಲ್ಲಿ ಹೊರಬಂತು. ಹೊರಹರಿವು ಕಡಿಮೆ ಅವಧಿಯಲ್ಲಿ ಹಲವು ಪಟ್ಟು ಹೆಚ್ಚಿತ್ತು.

ಯಾವುದೋ ಕಚೇರಿಯಲ್ಲಿ ಗ್ರಿಡ್‌ನ, ಅಂದರೆ ವಿದ್ಯುತ್ ಜಾಲದ, ಲೆಕ್ಕ ನೋಡುತ್ತಿದ್ದವರಿಗೂ ಬಂಡೆಯ ಮೇಲೆ ನಿಂತ ಹುಡುಗರಿಗೂ ಯಾವ ಸಂಬಂಧವೂ ಇರಲಿಲ್ಲ. ಒಬ್ಬರು ಇನ್ನೊಬ್ಬರನ್ನು ನೋಡಲು ಸಾಧ್ಯವೂ ಇರಲಿಲ್ಲ. ಇವರ ನಡುವೆ ಇರಬೇಕಾಗಿದ್ದದ್ದು ಎಚ್ಚರಿಕೆ ವ್ಯವಸ್ಥೆ. ಸೈರನ್ ಕೂಗಿಸಿದ್ದೇವೆ ಅಂದರು ಅಣೆಕಟ್ಟಿನ ಕಡೆಯವರು. ನಮಗೆ ಕೇಳಿಸಲೇ ಇಲ್ಲ ಅಂದರು ಬದುಕುಳಿದವರು. ನನ್ನ ದೃಷ್ಟಿಯಲ್ಲಿ ಈ ವಾದದಲ್ಲಿ ಯಾರು ಸರಿ ಅನ್ನುವುದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕೂಗಿದ್ದರೂ, ಬೇರೆ ರಾಜ್ಯದಿಂದ ಬಂದವರಿಗೆ ಆ ಕೂಗಿನ ಅರ್ಥ ಗೊತ್ತಾಗಬೇಕಲ್ಲ? ಕಣಿವೆಯಲ್ಲಿ ದೂರದ ಸೈರನ್ ಕೇಳಿದರೆ ಆಂಬುಲೆನ್ಸ್ ಅಂದುಕೊಳ್ಳುತ್ತೇವೆ, ಕಾರ್ಖಾನೆ ಅಂದುಕೊಳ್ಳುತ್ತೇವೆ. "ನೀರು ಬರುತ್ತಿದೆ, ಮೇಲೆ ಓಡು" ಅಂತ ಅರ್ಥ ಆಗಬೇಕಾದರೆ ಅದೇ ಜಾಗದಲ್ಲಿ, ಓದಲು ಬರುವ ಭಾಷೆಯಲ್ಲಿ, ಒಂದು ಫಲಕ ಇರಬೇಕು. ಇಳಿಯುವ ದಾರಿಗೆ ಬೇಲಿ ಇರಬೇಕು.

ಬಂಡೆಯ ಮೇಲಿನ ನಿಮಿಷಗಳು

ವಿಡಿಯೊದಲ್ಲಿ ಕಾಣುವುದು ಇಷ್ಟು: ಬಂಡೆಯ ಮೇಲೆ ಒಟ್ಟಾಗಿ ನಿಂತವರು, ಸುತ್ತ ಏರುತ್ತಿರುವ ಕೆಂಚು ನೀರು. ಅವರು ಗಾಬರಿಯಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದರು. ನೀರು ಬಂತು, ಎತ್ತರದ ಜಾಗಕ್ಕೆ ಹೋಗೋಣ. ಹತ್ತಿರದ ಎತ್ತರದ ಜಾಗ ಬಂಡೆ. ಆದರೆ ನದಿಯ ನಡುವಿನ ಬಂಡೆ ಎತ್ತರದ ಜಾಗ ಅಲ್ಲ, ಅದು ನದಿಯ ತಳದ ಒಂದು ಭಾಗ ಅಷ್ಟೇ. ಮೊದಲ ನಿಮಿಷದಲ್ಲಿ, ನೀರು ಇನ್ನೂ ಪಾದದ ಮಟ್ಟದಲ್ಲಿದ್ದಾಗ, ಬೂಟು ನೆನೆದರೂ ಬ್ಯಾಗು ಬಿಟ್ಟರೂ ಸರಿ, ದಡಕ್ಕೆ ನಡೆದುಬಿಡಬೇಕು. ಆ ನಿಮಿಷ ಕಳೆದ ಮೇಲೆ ಅದೇ ಹತ್ತು ಹೆಜ್ಜೆ ದಾಟಲಾಗದ ದೂರ ಆಗಿಬಿಡುತ್ತದೆ.

ಯಾಕೆ ಅಷ್ಟು ಬೇಗ? ನೀರಿನ ವೇಗ ಎರಡರಷ್ಟಾದರೆ ಅದು ನಮ್ಮ ಕಾಲಿಗೆ ಕೊಡುವ ಒತ್ತಡ ನಾಲ್ಕರಷ್ಟಾಗುತ್ತದೆ. ಆಳವೂ ಜೊತೆಗೆ ಹೆಚ್ಚಿದರೆ ಇನ್ನೂ ಜಾಸ್ತಿ. ಜೋರಾಗಿ ಹರಿಯುವ ನೀರು ಬರೀ 15 ಸೆಂಟಿಮೀಟರ್ ಆಳ ಇದ್ದರೂ ದೊಡ್ಡವರನ್ನು ಬೀಳಿಸಬಹುದು. 60 ಸೆಂಟಿಮೀಟರ್ ಸಾಕು, ಹೆಚ್ಚಿನ ವಾಹನಗಳನ್ನು ಎಳೆದುಕೊಂಡು ಹೋಗಲು. ಜಲಾಶಯಗಳ ಸುದ್ದಿಯಲ್ಲಿ ನಾವು ಕ್ಯುಸೆಕ್ ಲೆಕ್ಕ ಓದಿ ಪುಟ ತಿರುಗಿಸುತ್ತೇವೆ. 35 ಕ್ಯುಸೆಕ್ ಅಂದರೆ ಪ್ರತಿ ಸೆಕೆಂಡಿಗೆ ಸುಮಾರು ಒಂದು ಟನ್ ನೀರು. ಸಾವಿರಾರು ಕ್ಯುಸೆಕ್ ಅಂದಾಗ ಏನಾಗುತ್ತಿದೆ ಅಂತ ಇದರಿಂದ ಊಹಿಸಬಹುದು.

ಏರುವ ಮುಂಚೆ ನದಿ ಸುಳಿವು ಕೊಡುತ್ತದಾ? ಬಹಳ ಸಲ ಕೊಡುತ್ತದೆ, ಆದರೆ ನೋಡುವವರು ಬೇಕು. ತಿಳಿಯಾಗಿದ್ದ ನೀರು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಒಣ ಎಲೆ, ಕಡ್ಡಿ, ನೊರೆ ತೇಲಿ ಬರಲು ಶುರುವಾಗುತ್ತದೆ. ಸದ್ದು ಬದಲಾಗುತ್ತದೆ, ಕಲ್ಲು ಉರುಳುವ ಗುಡುಗುಡು ಕೇಳುತ್ತದೆ. ಸ್ವಲ್ಪ ಮುಂಚೆ ಒಣಗಿದ್ದ ಕಲ್ಲು ಒದ್ದೆಯಾಗುತ್ತದೆ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಕಾರಣ ಹುಡುಕುತ್ತಾ ನಿಲ್ಲಬಾರದು. ಗುಂಪಿನಲ್ಲಿ ಫೋಟೊ ತೆಗೆಯುವಾಗ ಎಲ್ಲರ ಕಣ್ಣೂ ಕ್ಯಾಮೆರಾ ಕಡೆ ಇರುತ್ತದೆ, ಯಾರೂ ಮೇಲ್ಗಡೆಯ ನೀರನ್ನು ನೋಡುತ್ತಿರುವುದಿಲ್ಲ. ಸೆಲ್ಫಿ ಹುಚ್ಚು ಅಂತ ಬೈಯುವುದಕ್ಕಿಂತ ಈ ಸರಳ ವಿಷಯ ಹೇಳಿಕೊಡುವುದು ಹೆಚ್ಚು ಉಪಯೋಗ.

ಇಳಿಯುವ ಮುಂಚೆಯೇ ಓದಬಹುದಾದ ಗುರುತೂ ಇದೆ. ದಡದ ಕಲ್ಲುಗಳನ್ನು ನೋಡಿ. ಹುಲ್ಲು, ಪಾಚಿ, ಗಿಡ ಯಾವುದೂ ಇಲ್ಲದ, ತೊಳೆದಿಟ್ಟ ಹಾಗಿರುವ ದುಂಡು ಕಲ್ಲುಗಳು ಎಲ್ಲಿಯವರೆಗೆ ಇವೆಯೋ ಅಲ್ಲಿಯವರೆಗೂ ನದಿ ಆಗಾಗ ಬಂದುಹೋಗುತ್ತದೆ. ಗಟ್ಟಿಯಾಗಿ ಬೇರು ಬಿಟ್ಟ ಗಿಡಗಳು ಶುರುವಾಗುವ ಕಡೆಯೇ ನಿಜವಾದ ದಡ. ಊಟಕ್ಕೆ ಕೂರುವುದಿರಲಿ, ಟೆಂಟ್ ಹಾಕುವುದಿರಲಿ, ಅದರ ಮೇಲಕ್ಕೇ.

ತಣ್ಣೀರಿನ ಪಾತ್ರ

ಈ ಪ್ರಕರಣದ ಚರ್ಚೆಯಲ್ಲಿ ಜಾಸ್ತಿ ಬಾರದ ವಿಷಯ ನೀರಿನ ತಂಪು. ಹಿಮ ಕರಗಿದ ನೀರಿಗೆ ಬಿದ್ದ ಕೂಡಲೇ ಮೈಗೆ ಆಘಾತವಾಗುತ್ತದೆ. ನಮ್ಮ ಇಷ್ಟ ಕೇಳದೆ ಬಾಯಿ ತೆರೆದು ಜೋರಾಗಿ ಉಸಿರೆಳೆದುಕೊಳ್ಳುತ್ತೇವೆ. ಆ ಕ್ಷಣ ಮುಖ ನೀರಿನಲ್ಲಿದ್ದರೆ ಒಳಗೆ ಹೋಗುವುದು ನೀರೇ. ಉಸಿರಾಟ ಹತೋಟಿ ತಪ್ಪುತ್ತದೆ, ಎದೆಬಡಿತ ಏರುತ್ತದೆ. ಈಜು ಬಲ್ಲವರೂ ಮೊದಲ ನಿಮಿಷದಲ್ಲೇ ಮುಳುಗುವುದು ಹೀಗೆ. ಚಳಿಗೆ ಮೈ ಮರಗಟ್ಟಿ ಸಾಯುವುದು ಆಮೇಲಿನ ಮಾತು.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ತಣ್ಣೀರಿನ ಬಗ್ಗೆ ಸಂಶೋಧನೆ ಮಾಡಿದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ನೆನಪಿಡಲು 1-10-1 ಎಂಬ ಲೆಕ್ಕ ಹೇಳುತ್ತಾರೆ. ಉಸಿರು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಪ್ರಜ್ಞೆ ತಪ್ಪುವ ಮುಂಚೆ ಸುಮಾರು ಒಂದು ಗಂಟೆ. ಇದು ಹೆಪ್ಪುಗಟ್ಟುವಷ್ಟು ತಣ್ಣಗಿನ ನೀರಿನ ಲೆಕ್ಕ, ಅದೂ ತಲೆ ನೀರಿನ ಮೇಲೆ ಉಳಿದರೆ ಮಾತ್ರ. ಬಂಡೆಗಳ ನಡುವೆ ಭೋರ್ಗರೆಯುವ ನದಿಯಲ್ಲಿ ಲೈಫ್ ಜಾಕೆಟ್ ಇಲ್ಲದವರಿಗೆ ಆ ಹತ್ತು ನಿಮಿಷವೂ ಸಿಗುವುದು ಕಷ್ಟ.

ಕೊಚ್ಚಿಹೋಗುತ್ತಿರುವವರು ಮಾಡಬಹುದಾದದ್ದು ಸ್ವಲ್ಪವೇ. ಆದರೆ ಆ ಸ್ವಲ್ಪ ಗೊತ್ತಿರುವುದು ಒಳ್ಳೆಯದು. ಅಂಗಾತ ಮಲಗಿ, ಕಾಲುಗಳನ್ನು ನೀರು ಹರಿಯುವ ದಿಕ್ಕಿಗೆ ಚಾಚಿ, ಪಾದ ಮೇಲಕ್ಕಿಟ್ಟುಕೊಳ್ಳಬೇಕು. ಬಂಡೆ ಬಂದರೆ ತಲೆಯ ಬದಲು ಪಾದ ತಾಗುತ್ತದೆ. ಎದ್ದು ನಿಲ್ಲಲು ಹೋಗಬಾರದು. ಕಲ್ಲಿನ ಸಂದಿಗೆ ಪಾದ ಸಿಕ್ಕಿಕೊಂಡರೆ ಹಿಂದಿನ ನೀರು ಮೈಯನ್ನು ಮುಂದಕ್ಕೆ ಮಗುಚಿ ಒತ್ತಿಹಿಡಿಯುತ್ತದೆ, ಮೊಣಕಾಲಿನ ಆಳದಲ್ಲೂ ಇದು ಜೀವ ತೆಗೆಯುತ್ತದೆ. ಹರಿವಿಗೆ ಎದುರಾಗಿ ಈಜಬಾರದು. ಓರೆಯಾಗಿ ದಡದ ಕಡೆ ಸರಿಯುತ್ತಾ, ದೊಡ್ಡ ಬಂಡೆಯ ಹಿಂದೆ ನೀರು ಮೆಲ್ಲಗಾಗುವ ಕಡೆ ಸೇರಿಕೊಳ್ಳಲು ನೋಡಬೇಕು. ಅಡ್ಡ ಬಿದ್ದ ಮರ ಕಂಡರೆ ಆಸರೆ ಅನ್ನಿಸುತ್ತದೆ, ಆದರೆ ಅದರ ಕೊಂಬೆಗಳ ನಡುವೆ ನೀರು ಹಾದುಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಅದರಿಂದ ದೂರ ಇರಬೇಕು.

ದಡದಲ್ಲಿ ಉಳಿದವರ ಪಾಡು ಇನ್ನೊಂದು ಬಗೆ. ಗೆಳೆಯರು ಕಣ್ಣೆದುರು ಹೋಗುತ್ತಿದ್ದಾರೆ, ಹಾರದೆ ಇರುವುದು ಹೇಗೆ? ಆದರೂ ಹಾರಬಾರದು. ಹಗ್ಗ, ಉದ್ದ ಕೋಲು, ಗಂಟು ಹಾಕಿದ ದುಪಟ್ಟಾ, ಗಾಳಿ ತುಂಬಿದ ಕ್ಯಾನ್, ಖಾಲಿ ಬಾಟಲಿ ತುಂಬಿದ ಬ್ಯಾಗು, ಏನು ಸಿಕ್ಕರೆ ಅದನ್ನು ಎಸೆಯಬೇಕು. ಬಹಳ ಬಸ್ಸುಗಳಲ್ಲಿ ಲಗೇಜು ಕಟ್ಟುವ ಹಗ್ಗ ಇರುತ್ತದೆ. ಎಸೆಯುವವರು ಮಲಗಿ ಅಥವಾ ಮರಕ್ಕೆ ಒರಗಿ ಹಿಡಿಯಬೇಕು, ಇಲ್ಲವಾದರೆ ಅವರೂ ಎಳೆದುಕೊಂಡು ಹೋಗುತ್ತಾರೆ. ಒಬ್ಬರು 112ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಕೆಳಗಿನ ಸೇತುವೆ ಅಥವಾ ಊರಿನ ಕಡೆ ಓಡಬೇಕು.

ಹುಡುಕಾಟ, ಮತ್ತು ನಿಂತ ನೀರು

ಅಂದು ಸ್ವಲ್ಪ ಹೊತ್ತಿನಲ್ಲೇ ಕತ್ತಲಾಯಿತು. ಮರುದಿನದಿಂದ ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ), ಸೇನೆ, ನೌಕಾಪಡೆಯ ಮುಳುಗುಗಾರರು ಬಂದರು. ಕೆಳಗಿನ ಪಂಡೋಹ್ ಜಲಾಶಯದವರೆಗೂ ಹುಡುಕಬೇಕಾಯಿತು. ಕೆಸರು ತುಂಬಿದ, ತಣ್ಣಗಿನ, ಕೈಗೆ ಕೈ ಕಾಣದ ನೀರು. ವಾರಗಟ್ಟಲೆ ಕೆಲಸ ನಡೆಯಿತು. ಹೆತ್ತವರು ಅಷ್ಟು ದಿನ ದಡದಲ್ಲಿ ಕಾದರು. ಇದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ.

ಕೆರೆ, ಸರೋವರ, ಜಲಾಶಯದ ಮಾತು ಬಂದದ್ದರಿಂದ ಒಂದೆರಡು ವಿಷಯ. ನಿಂತ ನೀರು ಅಂತ ಧೈರ್ಯ ಬೇಡ. ಬಿಸಿಲಿಗೆ ಮೇಲಿನ ಪದರ ಬೆಚ್ಚಗಾಗಿರುತ್ತದೆ, ಮೊಣಕಾಲು ಕೆಳಗೆ ಹಿಮದ ತಂಪು ಹಾಗೇ ಇರುತ್ತದೆ. ಎತ್ತರದ ಸರೋವರಗಳಲ್ಲಿ ವಸಂತದಲ್ಲೂ ಮೇಲೆ ಮಂಜುಗಡ್ಡೆ ಉಳಿದಿರಬಹುದು. ಅದು ದಪ್ಪ ಕಂಡರೂ ಒಳಗೆ ಪೊಳ್ಳಾಗಿರುತ್ತದೆ. ದಡದ ಅಂಚು, ತೊರೆ ಬಂದು ಸೇರುವ ಜಾಗ, ನೀರು ಹೊರಹೋಗುವ ಜಾಗ ಮೊದಲು ತೆಳುವಾಗುತ್ತವೆ. ಅದರ ಮೇಲೆ ನಡೆಯಲೇಬಾರದು.

ನ್ಯಾಯಾಲಯ ಹಂಚಿದ ಹೊಣೆ

ಹಿಮಾಚಲ ಪ್ರದೇಶ ಹೈಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. 2016ರ ಜನವರಿಯಲ್ಲಿ ಬಂದ ಆದೇಶದಲ್ಲಿ ಪ್ರತಿ ವಿದ್ಯಾರ್ಥಿಯ ಹೆತ್ತವರಿಗೆ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಅದರಲ್ಲಿ 60 ಭಾಗ ರಾಜ್ಯದ ವಿದ್ಯುತ್ ಮಂಡಳಿ, 30 ಭಾಗ ಕಾಲೇಜು, 10 ಭಾಗ ರಾಜ್ಯ ಸರ್ಕಾರ.

ಈ ಹಂಚಿಕೆ ನನಗೆ ಇಡೀ ಪ್ರಕರಣದ ಒಳ್ಳೆಯ ನಕ್ಷೆಯಂತೆ ಕಾಣುತ್ತದೆ. ಗೇಟ್ ಯಾರ ಕೈಯಲ್ಲಿತ್ತೋ ಅವರ ಮೇಲೆ ದೊಡ್ಡ ಪಾಲು, ಸರಿ. ಆದರೆ ಕಾಲೇಜಿನ ಮೇಲೆ 30 ಭಾಗ ಬಿದ್ದದ್ದನ್ನು ಪ್ರವಾಸ ಕರೆದುಕೊಂಡು ಹೋಗುವ ಪ್ರತಿ ಸಂಸ್ಥೆಯೂ ಗಮನಿಸಬೇಕು. ಜೊತೆಗೆ ಮೇಷ್ಟ್ರುಗಳನ್ನು ಕಳಿಸಿದರೆ ಮುಗಿಯಲಿಲ್ಲ. ಆ ಜಾಗ ಬಲ್ಲ ಒಬ್ಬ ಸ್ಥಳೀಯ ಜೊತೆಗಿರಬೇಕು. ನಿಲ್ಲುವ ಜಾಗಗಳು ಮುಂಚೆಯೇ ತೀರ್ಮಾನವಾಗಿರಬೇಕು. "ಇಲ್ಲಿ ಚೆನ್ನಾಗಿದೆ, ಐದು ನಿಮಿಷ ನಿಲ್ಲಿಸಿ" ಅನ್ನುವುದು ಬಸ್ಸಿನೊಳಗಿನ ಉತ್ಸಾಹದ ತೀರ್ಮಾನ. ಅದಕ್ಕೆ ಬೇಡ ಅನ್ನುವ ಅಧಿಕಾರ ಯಾರಿಗಾದರೂ ಇರಬೇಕು.

ಆಮೇಲೆ ಕಾನೂನೂ ಮುಂದೆ ಬಂದಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ದೊಡ್ಡ ಅಣೆಕಟ್ಟುಗಳ ಮಾಲೀಕರು ತುರ್ತು ಕ್ರಿಯಾ ಯೋಜನೆ ಮಾಡಿಡಬೇಕು, ಪ್ರವಾಹದ ಮುನ್ನೆಚ್ಚರಿಕೆ ವ್ಯವಸ್ಥೆ ಇಡಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ಹಿಮಾಲಯದ ನದಿಗಳ ಮೇಲೆ ಒಂದರ ಕೆಳಗೊಂದು ಇಂಥ ಸುರಂಗ ಯೋಜನೆಗಳಿವೆ, ಅವುಗಳ ನಡುವೆ ಬರಿದಾದ ಪಾತ್ರದ ಎಷ್ಟೋ ತುಂಡುಗಳಿವೆ, ಅವುಗಳ ಪಕ್ಕದಲ್ಲೇ ರಸ್ತೆ. ಪ್ರತಿ ತಿರುವಿಗೂ ಕಾವಲುಗಾರ ನಿಲ್ಲಲು ಸಾಧ್ಯವಿಲ್ಲ.

ಹಾಗಾಗಿ ಏಪ್ರಿಲ್‌ನಿಂದ ಜೂನ್ ನಡುವೆ ಆ ಕಡೆ ಹೋಗುವವರು ಹೊರಡುವ ಮುಂಚೆ ಪ್ರವಾಸ ಸಂಸ್ಥೆಯವರನ್ನು ಕೆಲವು ಪ್ರಶ್ನೆ ಕೇಳಬಹುದು. ದಾರಿಯಲ್ಲಿ ಯಾವ ಯಾವ ಅಣೆಕಟ್ಟು ಬರುತ್ತದೆ, ಮೇಲ್ಗಡೆ ಎಷ್ಟು ದೂರದಲ್ಲಿ? ರಾಫ್ಟಿಂಗ್ ಇದ್ದರೆ ಲೈಫ್ ಜಾಕೆಟ್ ಅಳತೆಗೆ ತಕ್ಕದ್ದಿದೆಯಾ? ನದಿ ಹತ್ತಿರ ನಿಲ್ಲಿಸುವುದಾದರೆ ಎಲ್ಲಿ, ಎಷ್ಟು ಹೊತ್ತಿಗೆ? ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ. ಅಲ್ಲಿ ಹೋದ ಮೇಲೆ, ಇಳಿಯುವ ಮುಂಚೆ ರಸ್ತೆ ಬದಿಯ ಚಹಾ ಅಂಗಡಿಯವರನ್ನು ವಿಚಾರಿಸಿ: "ಇಲ್ಲಿ ನೀರು ಯಾವಾಗ ಬಿಡುತ್ತಾರೆ, ಎಲ್ಲಿಯವರೆಗೆ ಬರುತ್ತದೆ?" ಅವರು ಬೇಡ ಅಂದರೆ ವಾದ ಮಾಡಬೇಡಿ. ಇಳಿದರೂ ಪಾತ್ರದೊಳಗೆ ಹೋಗದೆ ದಡದಲ್ಲೇ ಇರಿ. ಗುಂಪಿನಲ್ಲಿ ಒಬ್ಬರು ಕ್ಯಾಮೆರಾಗೆ ಬೆನ್ನು ಹಾಕಿ ಮೇಲ್ಗಡೆ ನೋಡುತ್ತಾ ನಿಲ್ಲಲಿ, ಕೈಯಲ್ಲಿ ಒಂದು ಸೀಟಿ ಇರಲಿ. ನದಿಯ ಸದ್ದಿನಲ್ಲಿ ಕೂಗು ಕೇಳುವುದಿಲ್ಲ, ಸೀಟಿ ಕೇಳುತ್ತದೆ.